ಸೋಮವಾರದ ಉಳುಮೆ

ಆ ಹತ್ತು ವರ್ಷಗಳಲ್ಲಿ ನಮ್ಮ ಕಡೆಗೆ ಬಂದ ಬದಲಾವಣೆಗಳೆಲ್ಲ ಶಿಕಾರಿಪುರದಿಂದ ಹೊರಡುವ ಒಂದೇ ಬಸ್ಸಿನಲ್ಲಿ ಬಂದವು. ಬಸ್ಸು ಕೆಟ್ಟು ನಿಂತ ದಿನ ಬದಲಾವಣೆಯೂ ದಾರಿಯಲ್ಲೇ ನಿಲ್ಲುತ್ತಿತ್ತು. ಸ್ವಾತಂತ್ರ್ಯ ಹಳತಾಗಿತ್ತು, ಓಟು ಎರಡು ಸಲ ಬಂದು ಹೋಗಿತ್ತು. ಆನವಟ್ಟಿಯ ಆಚೆಗಿದ್ದ ಮುಂಬಯಿ ರಾಜ್ಯ ಒಂದು ಬೆಳಿಗ್ಗೆ ಹಿಂದೆ ಸರಿದು, ಹಾನಗಲ್ಲಿನವರೂ ನಾವೂ ಒಂದೇ ರಾಜ್ಯದವರಾದೆವು. ಅಲ್ಲಿಗೆ ಕೊಟ್ಟ ಹೆಣ್ಣುಮಕ್ಕಳು ಅತ್ತೆಯ ಜೊತೆ ಜಗಳವಾಡಿ ತವರಿಗೆ ಬರುವುದು ಮಾತ್ರ ಮೊದಲಿನಂತೆಯೇ ನಡೆಯಿತು. ಆಣೆ ಹೋಗಿ ನಯಾ ಪೈಸೆ ಬಂತು. ಪಂಚಾಯ್ತಿ ಕಟ್ಟೆಗೆ ರೇಡಿಯೋ ಬಂತು. ಎಲ್ಲಿಯೋ ಫ್ಯಾನಿನ ಕೆಳಗೆ ಕೂತವರು ಅದರಲ್ಲಿ ನಮ್ಮ ತಿಪ್ಪೆಗುಂಡಿಯ ಬಗ್ಗೆ ಬಹಳ ಕಾಳಜಿಯಿಂದ ಮಾತಾಡುತ್ತಿದ್ದರು.

ಹೀಗೆ ಬಂದ ಬದಲಾವಣೆಗಳಲ್ಲಿ ನಾನೂ ಒಬ್ಬ. ಶಿಕಾರಿಪುರದ ಬಟ್ಟೆ ಅಂಗಡಿಯ ಗುಮಾಸ್ತರ ಮಗ ಪರಮಶಿವಪ್ಪ, ಸೊರಬ ತಾಲ್ಲೂಕಿಗೆ ಗ್ರಾಮಸೇವಕನಾಗಿ ಬಂದೆ. ಜಪಾನಿನವರ ಪದ್ಧತಿಯಲ್ಲಿ ಭತ್ತ ಬೆಳೆಯುವುದನ್ನು ಸೊರಬದವರಿಗೆ ಕಲಿಸುವುದು ನನ್ನ ಕೆಲಸ. ಜಪಾನು ಎಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ, ಭತ್ತ ಬೆಳೆಯುವುದು ಸೊರಬದವರಿಗೆ ಗೊತ್ತಿತ್ತು. ಹಾಗಾಗಿ ಯಾರಿಗೂ ನಷ್ಟವಾಗಲಿಲ್ಲ. ನೇಗಿಲಿನ ಚಿತ್ರ ಬಿಡಿಸಿ, ಭಾಗಗಳ ಹೆಸರು ಬರೆದು ತರಬೇತಿ ಪಾಸು ಮಾಡಿದವನು ನಾನು. ಹಳ್ಳಿಯವರು ನನ್ನನ್ನು 'ಸೇವಕ್ರೆ' ಎಂದು ಗೌರವದಿಂದ ಕರೆಯುತ್ತಿದ್ದರು, ಕರೆದು ಹಸು ಕಟ್ಟಲು ಹೇಳುತ್ತಿದ್ದರು.

ನನ್ನ ವಾಸ ಕುಬಟೂರಿನ ಹತ್ತಿರದ ಮಳಲಕೊಪ್ಪದಲ್ಲಿ. ಅಲ್ಲಿನ ದೊಡ್ಡವರು ಸದಾಶಿವಪ್ಪಗೌಡರು. ಊರಿನ ಅರ್ಧ ಗದ್ದೆ ಅವರದು, ಬಸವಣ್ಣನ ಗುಡಿಯ ಯಜಮಾನಿಕೆ ಅವರದು, ರೇಡಿಯೋದ ಕಿವಿ ತಿರುಗಿಸುವ ಅಧಿಕಾರವೂ ಅವರದೇ. ಗದ್ದೆಗಳನ್ನೆಲ್ಲ ಗೇಣಿಗೆ ಕೊಟ್ಟಿದ್ದರು. ಸುಗ್ಗಿಯಲ್ಲಿ ಕಣದ ಮಾವಿನ ಮರದಡಿ ಕುರ್ಚಿ ಹಾಕಿಸಿ, ತಮ್ಮ ಪಾಲಿನ ಭತ್ತ ಅಳೆದು ಗಾಡಿಗೆ ತುಂಬುವವರೆಗೂ ಕೂರುವುದು ಅವರ ಬೇಸಾಯ. ಅಷ್ಟಕ್ಕೇ ಅವರಿಗೆ ಸೊಂಟ ಹಿಡಿದುಕೊಳ್ಳುತ್ತಿತ್ತು. ಅವರ ಹೆಂಡತಿ ಈಶ್ವರಮ್ಮನವರು ಎಣ್ಣೆ ಕಾಯಿಸಿ ತಿಕ್ಕುತ್ತ, ಇಷ್ಟೆಲ್ಲ ದುಡಿದರೆ ಮೈ ಏನಾಗಬೇಡ ಎಂದು ಮರುಗುತ್ತಿದ್ದರು.

ಕೆರೆಯ ಕೆಳಗಿನ ಒಳ್ಳೆಯ ಗದ್ದೆಯನ್ನು ಜಟ್ಟಪ್ಪ ಮಾಡುತ್ತಿದ್ದ. ಅದಕ್ಕೂ ಮೊದಲು ಅವನ ಅಪ್ಪ ಮಾಡಿದ್ದ. ಜಟ್ಟಪ್ಪನಿಗೆ ಬೇರೆ ಅಂಗೈಯಗಲ ನೆಲವೂ ಇರಲಿಲ್ಲ. ಇದ್ದದ್ದು ಹೆಂಡತಿ ಹೂವಮ್ಮ, ಕೆಂಚ ಮತ್ತು ಮಾಸ ಎಂಬ ಜೋಡಿ ಎತ್ತು, ಮತ್ತು ಯಾರಿಗೂ ಎದುರಾಡದ ಬಾಯಿ. ಎದುರಾಡುವ ಬಾಯಿಯನ್ನು ಆ ಮನೆಯಲ್ಲಿ ಹೂವಮ್ಮನಿಗೆ ವಹಿಸಲಾಗಿತ್ತು.

ಐವತ್ತೆಂಟರ ಬೇಸಿಗೆಯಲ್ಲಿ ಬಸ್ಸು ಹೊಸ ಸುದ್ದಿ ತಂದಿತು. ಉಳುವವನಿಗೇ ಭೂಮಿ ಎಂದು ಕಾನೂನು ಬರುತ್ತದಂತೆ. ಯಾವಾಗ ಬರುತ್ತದೆ, ಎಷ್ಟು ಬರುತ್ತದೆ, ಯಾರಿಗೂ ತಿಳಿಯದು. ಆದರೆ ಸ್ವಂತ ಸಾಗುವಳಿ ಮಾಡುವ ಒಡೆಯನ ಭೂಮಿಗೆ ಯಾರೂ ಕೈ ಹಚ್ಚುವುದಿಲ್ಲವಂತೆ. ಗೌಡರು ಶಿಕಾರಿಪುರದ ಸೊಸೈಟಿಯಲ್ಲಿ ಪೇಪರು ಓದಿಸಿ ಕೇಳಿ, ಸಂಜೆಯ ಬಸ್ಸಿಗೆ ಊರಿಗೆ ಬಂದು ಇಳಿದರು. ಹೋಗುವಾಗ ಒಡೆಯರಾಗಿದ್ದವರು ಬರುವಾಗ ರೈತರಾಗಿದ್ದರು. ನನ್ನ ಸೇವೆಯಲ್ಲಿ ಅಷ್ಟು ಬೇಗ ಸುಧಾರಿಸಿದ ಮನುಷ್ಯನನ್ನು ನಾನು ಕಂಡಿಲ್ಲ.

ಮಾರನೆಯ ದಿನವೇ ಮಗ್ಗದ ಪಂಚೆ ಮೊಣಕಾಲ ಮೇಲೆ ಕಟ್ಟಿ, ತಲೆಗೆ ಟವೆಲ್ಲು ಸುತ್ತಿ ಜಗುಲಿಗೆ ಬಂದರು. ಮೊಣಕಾಲ ಕೆಳಗಿನ ಕಾಲುಗಳು ಬಿಸಿಲು ಕಾಣದೆ ಬೆಳ್ಳಗಿದ್ದವು. ನನ್ನನ್ನು ಕರೆಸಿ ಉಳುಮೆ ಕಲಿಸಿರೆಂದರು. ನಾನು ಚಿತ್ರ ಬಿಡಿಸಿ ತೋರಿಸಿದೆ. ಅವರು ಚಿತ್ರವನ್ನೂ ನನ್ನನ್ನೂ ನೋಡಿ, ಜಟ್ಟಪ್ಪನನ್ನು ಕರೆಯಲು ಆಳು ಅಟ್ಟಿದರು.

ಹೀಗೆ ತನ್ನನ್ನು ಗದ್ದೆಯಿಂದ ಎಬ್ಬಿಸುವ ವಿದ್ಯೆಯನ್ನು ಜಟ್ಟಪ್ಪ ತಾನೇ ಕಲಿಸಬೇಕಾಯಿತು. ಗೌಡರು ಅವನನ್ನು ಪಕ್ಕಕ್ಕೆ ಕರೆದು ಸಮಾಧಾನ ಹೇಳಿದ್ದರು. ಇದೆಲ್ಲ ಬರೀ ಕಾಗದಕ್ಕೆ. ತಾಲ್ಲೂಕಿನ ಅಮಲ್ದಾರರು ಬಂದು ಕಣ್ಣಾರೆ ನೋಡಿ ಸ್ವಂತ ಸಾಗುವಳಿ ಎಂದು ಬರೆದುಕೊಂಡು ಹೋದ ಮೇಲೆ, ನೀನೇ ಮೊದಲಿನಂತೆ ಮಾಡಿಕೊಂಡಿರು ಎಂದಿದ್ದರು. ಎಷ್ಟು ದಿನ ಎಂದು ಹೇಳಿರಲಿಲ್ಲ. ಜಟ್ಟಪ್ಪ ಕೇಳಿರಲೂ ಇಲ್ಲ. ಅಪ್ಪನ ಕಾಲದಿಂದ ಆ ಜಗುಲಿಯ ಕೆಳಗೆ ನಿಂತು ಹೂಂ ಎಂದೇ ಅಭ್ಯಾಸವಾಗಿದ್ದ ಕೊರಳು ಅದು. ನನಗೆ ಅವನ ಮೇಲೆ ಸಿಟ್ಟು ಬಂತು. ಆದರೆ ಸಿಟ್ಟನ್ನು ಡೈರಿಯಲ್ಲಿ ಬರೆಯಲು ಇಲಾಖೆ ಕಲಂ ಕೊಟ್ಟಿರಲಿಲ್ಲ.

ಪಾಠ ನೋಡಲು ಊರೇ ಬದುವಿನ ಮೇಲೆ ಕೂರುತ್ತಿತ್ತು. ಗೌಡರು ನೇಗಿಲ ಹಿಡಿಯನ್ನು ಗುಡಿಯ ಗಂಟೆಯಂತೆ ಎರಡು ಬೆರಳಲ್ಲಿ ಹಿಡಿಯುತ್ತಿದ್ದರು. ಎತ್ತುಗಳನ್ನು ಗೇಣಿದಾರರನ್ನು ಬೈಯುವ ಮಾತಿನಲ್ಲೇ ಬೈಯುತ್ತಿದ್ದರು. ಎತ್ತುಗಳು ಗೇಣಿ ಕೊಡಬೇಕಾಗಿಲ್ಲವಾದ್ದರಿಂದ ಹೆದರುತ್ತಿರಲಿಲ್ಲ. ಜಟ್ಟಪ್ಪ ಬಾಯಲ್ಲಿ ಟುರ್‍ ಅಂದರೆ ಮಾತ್ರ ಹೆಜ್ಜೆ ಎತ್ತುತ್ತಿದ್ದವು. ಕೊನೆಗೆ ಅವನು ಮುಂದೆ ನಡೆಯುವುದು, ಎತ್ತು ಅವನ ಹಿಂದೆ, ಗೌಡರು ಎತ್ತಿನ ಹಿಂದೆ ಎಂದು ಏರ್ಪಾಟಾಯಿತು. ಅಮಲ್ದಾರರು ಬಂದಾಗ ಜಟ್ಟಪ್ಪ ಬದುವಿನ ಮರೆಯಲ್ಲಿ ಕೂತು ಟುರ್‍ ಅನ್ನುವುದೆಂದೂ ತೀರ್ಮಾನವಾಯಿತು.

ಅಷ್ಟರಲ್ಲಿ ಶಾನುಭೋಗ ಶೇಷಪ್ಪನವರು ಸೊರಬದಿಂದ ತಾರೀಖು ತಂದರು. ಅಮಲ್ದಾರರ ಕ್ಯಾಂಪು ಈ ಕಡೆಗೆ ಯಾವಾಗಲೂ ಸೋಮವಾರವೇ. ಬರುವ ಸೋಮವಾರ ಮಳಲಕೊಪ್ಪಕ್ಕೆ.

ಸೋಮವಾರ ಅಂದಾಗ ಜಗುಲಿಯಲ್ಲಿದ್ದವರೆಲ್ಲ ಗೌಡರ ಮುಖ ನೋಡಿದರು. ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಆಳಿಗೆ ರಜ ಇಲ್ಲದ ಊರಲ್ಲೂ ಎತ್ತಿಗೆ ಅವತ್ತು ರಜ. ಕೊಟ್ಟಿಗೆಯಲ್ಲಿ ಮೈ ತೊಳೆಸಿಕೊಂಡು, ಹಣೆಗೆ ವಿಭೂತಿ ಹಚ್ಚಿಸಿಕೊಂಡು, ಮೆಲುಕು ಹಾಕುತ್ತ ಮಲಗುತ್ತವೆ. ಈ ಕಟ್ಟಳೆಯನ್ನು ಎಲ್ಲರಿಗಿಂತ ಬಿಗಿಯಾಗಿ ಹಿಡಿದಿದ್ದವರು ಸದಾಶಿವಪ್ಪಗೌಡರೇ. ಎರಡು ವರ್ಷದ ಹಿಂದೆ ಜಟ್ಟಪ್ಪ, ಕುಯ್ದ ಭತ್ತ ಅಕಾಲ ಮಳೆಗೆ ನೆನೆಯುತ್ತದೆಂದು ಸೋಮವಾರ ಗಾಡಿ ಹೂಡಿದ್ದ. ಗೌಡರು ಅವನನ್ನು ಗುಡಿಗೆ ಕರೆಸಿ, ಮಾಡಿದ ತಪ್ಪನ್ನು ತನ್ನ ಬಾಯಿಂದಲೇ ಊರೆದುರು ಹೇಳಿಸಿ, ತಪ್ಪುಕಾಣಿಕೆ ಕಟ್ಟಿಸಿದ್ದರು. ಆ ಭತ್ತದಲ್ಲಿ ಅರ್ಧ ಗೌಡರ ಪಾಲಿನದೇ ಆಗಿತ್ತು. ದೇವರ ಮೇಲೆ ಭಕ್ತಿ ಎಷ್ಟೇ ಇದ್ದರೂ ಆ ಪಾಲನ್ನು ಅವರು ಬಿಟ್ಟುಕೊಡಲಿಲ್ಲ.

ಶಾನುಭೋಗರು ಮೆಲ್ಲಗೆ ವಾರದ ನೆನಪು ಮಾಡಿದರು. ಗೌಡರು ಹೇಳಿದರು:

"ಬಸವಣ್ಣಗೆ ಮಂಗಳವಾರ ತಪ್ಪುಕಾಣಿಕೆ ಕಟ್ಟಿದ್ರಾತು. ಅಮಲ್ದಾರ್ರಿಗೆ ಮಂಗಳವಾರ ಸೊರಬದಾಗೆ ಮೀಟಿಂಗ್ ಐತಂತಲ್ಲ."

ದೇವರಿಗಿಂತ ಸರ್ಕಾರಕ್ಕೆ ಪುರಸೊತ್ತು ಕಡಿಮೆ ಎಂಬುದನ್ನು ನಮ್ಮ ತಾಲ್ಲೂಕಿನಲ್ಲಿ ಮೊದಲು ಅರಿತವರು ಅವರೇ.

ಆದರೆ ಎತ್ತು ಜಟ್ಟಪ್ಪನದು. ಶುಕ್ರವಾರ ಸಂಜೆ ಗೌಡರ ಆಳಿನ ಜೊತೆ ನಾನೂ ಅವನ ಕೊಟ್ಟಿಗೆಗೆ ಹೋದೆ. ಜಟ್ಟಪ್ಪ ಹಗ್ಗಕ್ಕೆ ಕೈ ಹಾಕಿದ. ಒಳಗಿಂದ ಹೂವಮ್ಮ ಸಗಣಿ ಕೈಯಲ್ಲೇ ಬಂದು ಬಾಗಿಲಿಗೆ ಅಡ್ಡ ನಿಂತಳು.

"ಗದ್ದೆ ಅವರ್ದು, ಕೊಡದಿದ್ರೆ ಬಿಡ್ಲಿ. ಎತ್ತು ನಮ್ಮವು," ಅಂದಳು. "ಸೋಮಾರ ಹೆಗಲು ಕೊಡಾದಿಲ್ಲ. ಹೋಗಿ ಹೇಳು ನಿಮ್ ಗೌಡ್ರಿಗೆ."

ಜಟ್ಟಪ್ಪ ಹಗ್ಗ ಬಿಟ್ಟ. ಗದ್ದೆ ಹೋದರೆ ಮುಂದಿನ ಮಳೆಗಾಲಕ್ಕೆ ಏನು ಉಣ್ಣುವುದೆಂದು ಅವನು ಕೇಳಿದ. ಹೂವಮ್ಮ ಎತ್ತುಗಳ ಮುಂದೆ ಹುಲ್ಲು ಎಳೆದುಹಾಕಿದಳು. ಅವಳಿಗೂ ಗೊತ್ತಿರಲಿಲ್ಲ.

ಗೌಡರು ಸೋಲುವವರಲ್ಲ. ಶಿಕಾರಿಪುರದಲ್ಲಿದ್ದ ಈಶ್ವರಮ್ಮನವರ ಅಣ್ಣನಿಂದ ಗಾಡಿ ಎತ್ತಿನ ಜೋಡಿ ತರಿಸಿದರು. ಒಳ್ಳೆಯ ಜಾತಿ, ಎತ್ತರದ ಮೈ, ಕೊಂಬಿಗೆ ಹಿತ್ತಾಳೆ ಗೊಣಸು. ಹುಟ್ಟಿದಾಗಿನಿಂದ ರಸ್ತೆ ಬಿಟ್ಟು ಕಾಲಿಟ್ಟವಲ್ಲ. ಕೆರೆ ನೀರು ಬಿಟ್ಟ ಗದ್ದೆಯ ಕೆಸರು ಕಂಡು ಅವು ಗೌಡರಷ್ಟೇ ಮುಖ ಸಿಂಡರಿಸಿದವು.

ಸೋಮವಾರ ಜೀಪು ಬಂತು. ಅಮಲ್ದಾರರು ಕೋಟು ಹಾಕಿಕೊಂಡು ಕೆರೆ ಏರಿಯ ಮೇಲೆ ನಿಂತರು. ಗೌಡರು ಹಣೆ ತುಂಬ ವಿಭೂತಿ ಹಚ್ಚಿಕೊಂಡು, ವಿಭೂತಿ ಹಚ್ಚದ ಎತ್ತಿನ ಬೆನ್ನ ಮೇಲೆ ಬಾರುಕೋಲು ಎತ್ತಿದರು. ಎತ್ತುಗಳು ಗದ್ದೆಯಲ್ಲಿ ನೇರವಾಗಿ ನಡೆದವು. ಬದು ಬಂದಾಗ ತಿರುಗಲಿಲ್ಲ. ಬದು ಹತ್ತಿ, ನೇಗಿಲನ್ನೂ ಗೌಡರನ್ನೂ ಎಳೆದುಕೊಂಡು, ಶಿಕಾರಿಪುರದ ರಸ್ತೆ ಹಿಡಿದವು. ಆಳುಗಳು ಓಡಿಹೋಗಿ ಹಿಡಿದು ತಂದರು. ಯಾರೂ ನಗಲಿಲ್ಲ. ನಗುವುದಕ್ಕೆ ಅವತ್ತು ವಾರ ಸರಿಯಿರಲಿಲ್ಲ. ಎಲ್ಲರೂ ನೊಗ ಹೊತ್ತ ಆ ಎರಡು ಹೆಗಲನ್ನೇ ನೋಡುತ್ತಿದ್ದರು.

ಅಮಲ್ದಾರರಿಗೆ ಹೆಗಲೂ ಕಾಣಲಿಲ್ಲ, ವಾರವೂ ಕಾಣಲಿಲ್ಲ. ಅವರು ಕಂಡದ್ದು ಕೆಸರಾದ ಒಬ್ಬ ಒಡೆಯನನ್ನು. ಸಂತೋಷಪಟ್ಟು, ಈ ಗದ್ದೆಯನ್ನು ಮಾಡುವವರು ಯಾರೆಂದು ಸೇರಿದ್ದ ಜನವನ್ನು ಕೇಳಿದರು. ಜನ ಜಟ್ಟಪ್ಪನನ್ನು ನೋಡಿದರು. ಗೌಡರೂ ನೋಡಿದರು. ಅವನು ಒಂದು ಮಾತು ನಿಜ ಹೇಳಿದ್ದರೆ ಸಾಕಿತ್ತು.

ಜಟ್ಟಪ್ಪ ಟವೆಲ್ಲು ಕಂಕುಳಿಗಿಟ್ಟು ಕೈ ಮುಗಿದ.

"ಕಣ್ಣಿಗೆ ಕಾಣ್ತದಲ್ಲ ಸ್ವಾಮಿ. ಗೌಡ್ರೇ ಉಳ್ತಿದಾರೆ. ಸೋಮಾರನೂ ಬಿಡಾದಿಲ್ಲ."

ಅಮಲ್ದಾರರು ಇದನ್ನು ಹೊಗಳಿಕೆ ಎಂದು ತಿಳಿದು ತಲೆದೂಗಿ, ಸ್ವಂತ ಸಾಗುವಳಿ ಎಂದು ಬರೆಸಿದರು. ಇಂಥ ಶ್ರಮಜೀವಿಗಳು ದೇಶಕ್ಕೆ ಬೇಕೆಂದು ನಾಲ್ಕು ಮಾತು ಆಡಿ, ಈಶ್ವರಮ್ಮನವರು ಮಾಡಿಸಿದ್ದ ಹೋಳಿಗೆ ಊಟ ಮಾಡಿ ಹೋದರು. ಹೂವಮ್ಮ ಕೆರೆ ಏರಿಯ ಮೇಲೆ ಒಬ್ಬಳೇ ನಿಂತಿದ್ದಳು. ಗಂಡನ ಮುಖ ನೋಡಲಿಲ್ಲ.

ಮಂಗಳವಾರ ಗೌಡರು ಹೇಳಿದಂತೆಯೇ ಗುಡಿಗೆ ಬಂದರು. ತಾವೇ ಮಾಡಿದ ಕಟ್ಟಳೆ. ತಪ್ಪನ್ನು ಬಾಯಿಬಿಟ್ಟು ಹೇಳಬೇಕು, ಕಾಣಿಕೆ ಕಟ್ಟಬೇಕು, ಆಮೇಲೆ ಪ್ರಸಾದ. ಕಾಯಿ, ಬಾಳೆಹಣ್ಣಿನ ತಟ್ಟೆ ಮುಂದಿಟ್ಟು, ಕಾಣಿಕೆ ಇಲ್ಲಿದೆ, ಬೇಗ ಮುಗಿಸಿ ಎಂದರು. ಆಗ ಹೆಂಗಸರ ಕಡೆಯಿಂದ ಹೂವಮ್ಮ ಎದ್ದಳು.

"ನಮ್ಮ ಮನೆಯವರು ಹೇಳಿದ್ರಲ್ಲ ಆವತ್ತು, ಹಂಗೇ ಗೌಡ್ರೂ ಹೇಳ್ಲಿ. ನಿನ್ನೆ ಆ ಗದ್ದೆ ಉತ್ತಿದ್ದು ಯಾರು? ಬಸವಣ್ಣನ ಮುಂದೆ ಹೇಳ್ಲಿ."

ಉತ್ತದ್ದು ಸುಳ್ಳು, ಬರೀ ತೋರಿಕೆ ಅಂದರೆ ತಪ್ಪು ಅರ್ಧ ಇಳಿಯುತ್ತಿತ್ತು. ಆದರೆ ಶಾನುಭೋಗರೂ ಸರ್ಕಾರದ ಸಂಬಳದ ನಾನೂ ಅಲ್ಲೇ ಕೂತಿದ್ದೆವು. ಗೌಡರು ನಮ್ಮಿಬ್ಬರನ್ನೂ ನೋಡಿದರು, ಬಸವಣ್ಣನನ್ನು ನೋಡಿದರು. ಲೆಕ್ಕ ಹಾಕಿ ಬಸವಣ್ಣನನ್ನೇ ಬಿಟ್ಟರು.

"ನಾನೇ ಉತ್ತಿದ್ದು," ಅಂದರು. "ನನ್ನ ಗದ್ದೆ, ನಾನೇ ಉಳೋನು."

ಪ್ರಸಾದ ಕೊಟ್ಟರು. ಹೂವಮ್ಮ ಎಲ್ಲರಿಗಿಂತ ಮೊದಲು ಕೈ ಚಾಚಿ ತೆಗೆದುಕೊಂಡಳು.

ಆವತ್ತಿನಿಂದ ಮಳಲಕೊಪ್ಪ ಗೌಡರ ಮಾತನ್ನು ನಂಬಿತು. ಅಷ್ಟು ದೃಢವಾಗಿ ಅವರ ಯಾವ ಮಾತನ್ನೂ ಊರು ಹಿಂದೆ ನಂಬಿರಲಿಲ್ಲ. ಮಳೆ ಹಿಡಿಯಿತು. ಗೌಡರು ಜಟ್ಟಪ್ಪನಿಗೆ ಹೇಳಿ ಕಳಿಸಿದರು, ಕಾಗದದ ಕೆಲಸ ಮುಗಿಯಿತು, ಬಂದು ಗದ್ದೆ ಮಾಡು ಎಂದು. ಜಟ್ಟಪ್ಪ ಬಂದು ಜಗುಲಿಯ ಕೆಳಗೆ ನಿಂತು, ಬಹಳ ವಿನಯದಿಂದ, ದೇವರ ಮುಂದೆ ಆಡಿದ ಮಾತನ್ನು ಸುಳ್ಳು ಮಾಡುವಷ್ಟು ದೊಡ್ಡವನು ತಾನಲ್ಲವೆಂದ. ಅವನು ಆ ಜಗುಲಿಯ ಕೆಳಗೆ ಹೂಂ ಅನ್ನದೆ ಹೋದದ್ದು ಅದೇ ಮೊದಲು. ಆಮೇಲೆ ಕೆಂಚ ಮಾಸರನ್ನು ಹೊಡೆದುಕೊಂಡು ಉಳವಿಯ ಕಡೆ ಯಾರದೋ ಗದ್ದೆಗೆ ಬಾಡಿಗೆ ಉಳುಮೆಗೆ ಹೋದ. ಹೂವಮ್ಮ ಕೂಲಿ ನಾಟಿಗೆ ಹೋದಳು. ಅವರ ಮನೆಯಲ್ಲಿ ಒಂದು ಹೊತ್ತು ಒಲೆ ಉರಿಯುತ್ತಿತ್ತು, ಒಂದು ಹೊತ್ತು ಇಲ್ಲ.

ಗೌಡರು ಕೂಲಿಯಾಳು ಕರೆದರು. ಕೂಲಿ ಹೆಚ್ಚು ಕೊಡುತ್ತೇನೆಂದರು. ಜನ ಬಂದು ಜಗುಲಿಯ ಕೆಳಗೆ ಕೈ ಮುಗಿದು ನಿಂತರು. ಬರಬಹುದಿತ್ತು ಗೌಡರೇ, ಆದರೆ ನಮ್ಮ ಕಾಲು ನಿಮ್ಮ ಗದ್ದೆಗೆ ಬಿದ್ದದ್ದನ್ನು ಯಾರಾದರೂ ಕಂಡು ಅಮಲ್ದಾರರಿಗೆ ಹೇಳಿ, ಉಳುವವನು ಇವನೇ ಎಂದು ನಮ್ಮ ಹೆಸರು ಬರೆದುಕೊಂಡುಬಿಟ್ಟರೆ ನಿಮಗೆ ತೊಂದರೆ, ಅಂದರು. ಗೌಡರ ಹಿತವನ್ನು ಊರು ಅಷ್ಟು ಒಗ್ಗಟ್ಟಿನಿಂದ ಬಯಸಿದ್ದನ್ನು ಕಂಡು ನಾನು ಸಮುದಾಯ ಅಭಿವೃದ್ಧಿ ಎಂದು ಡೈರಿಯಲ್ಲಿ ಬರೆದುಕೊಂಡೆ.

ಉಳಿದದ್ದು ಗೌಡರೊಬ್ಬರೇ, ಮತ್ತು ಶಿಕಾರಿಪುರದ ಜೋಡಿ. ಮೊದಲು ಹಟಕ್ಕೆ ಇಳಿದರು. ಅಂಗೈಯಲ್ಲಿ ಬೊಬ್ಬೆ ಎದ್ದು ಒಡೆದವು. ಜಿಗಣೆ ಕಚ್ಚಿದರೆ ಎಲೆಅಡಿಕೆಯ ಸುಣ್ಣ ಹಚ್ಚುವುದನ್ನು ಕಲಿತರು. ಎತ್ತುಗಳೂ ಕ್ರಮೇಣ ಬದುವಿನ ಹತ್ತಿರ ತಿರುಗುವುದನ್ನು ಕಲಿತವು. ಇಬ್ಬರಲ್ಲಿ ಯಾರು ಮೊದಲು ಕಲಿತರೆಂದು ಹೇಳುವುದು ಕಷ್ಟ. ಈಶ್ವರಮ್ಮನವರು ಎಣ್ಣೆ ತಿಕ್ಕುವಾಗ ಈಗ ಮರುಗುತ್ತಿರಲಿಲ್ಲ. ಸ್ವಂತ ಸಾಗುವಳಿ ಅಂದರೆ ಹೀಗೇ ಇರುತ್ತದೆ, ಇಷ್ಟು ದಿನ ಯಾರೋ ಮಾಡುತ್ತಿದ್ದರು ಅಂದರಂತೆ. ಸೋಮವಾರ ಬಂದರೆ ಗೌಡರು ಹೊತ್ತೇರುವವರೆಗೂ ಏಳುತ್ತಿರಲಿಲ್ಲ. ಎತ್ತಿಗೆ ಯಾಕೆ ರಜ ಬೇಕೆಂದು ಗುಡಿಯ ಯಜಮಾನರಿಗೆ ಆ ವರ್ಷ ಅರ್ಥವಾಯಿತು.

ಇದರ ನಡುವೆ ಬ್ಲಾಕ್ ಆಫೀಸಿನವರು ಸೊರಬದಲ್ಲಿ ಸಭೆ ಮಾಡಿ ಅವರಿಗೆ ಆದರ್ಶ ರೈತ ಎಂದು ಅಮಲ್ದಾರರ ಕೈಯಿಂದಲೇ ಹಾರ ಹಾಕಿಸಿದರು. ಹಾರ ಹಾಕಿಸಿಕೊಳ್ಳಲು ಅವರಿಗೆ ಕತ್ತು ಬಗ್ಗಲಿಲ್ಲ, ನೋವು. ಅದನ್ನು ಸ್ವಾಭಿಮಾನವೆಂದು ಭಾಷಣದಲ್ಲಿ ಹೇಳಿದರು.

ಆದರೆ ಒಬ್ಬ ಮನುಷ್ಯನಿಂದ ಆ ಗದ್ದೆ ಆಗುವಂಥದ್ದಲ್ಲ. ಮೂಲೆಯ ಮಡಿಯಲ್ಲಿ ಸಸಿ ಬೆಳೆದು ಹಳದಿಗೆ ತಿರುಗಿತು. ಇನ್ನೆಂಟು ದಿನದಲ್ಲಿ ಕಿತ್ತು ನೆಡದಿದ್ದರೆ ದನಕ್ಕೆ ಹಾಕಬೇಕು. ಒಂದು ಬೆಳಿಗ್ಗೆ ಗೌಡರು ಕೆಸರುಗಾಲಲ್ಲೇ ನನ್ನ ಬಾಗಿಲಿಗೆ ಬಂದರು, ಜಟ್ಟಪ್ಪನ ಮನೆಗೆ ಜೊತೆಗೆ ಬರಬೇಕೆಂದರು. ಅವರು ಆ ಕೇರಿಗೆ ಬಂದದ್ದನ್ನು ಯಾರೂ ಹಿಂದೆ ಕಂಡಿರಲಿಲ್ಲ. ಹೂವಮ್ಮ ಚಾಪೆ ಹಾಸಿದಳು. ಗೌಡರು ಚಾಪೆಯ ಮೇಲೆ ಕೂರದೆ ಕಂಬ ಹಿಡಿದು ನಿಂತರು. ಕೂತರೆ ಏಳಲಾಗದೆಂದು ಆಮೇಲೆ ನನಗೆ ಹೇಳಿದರು.

"ಬಾರೋ ಜಟ್ಟಪ್ಪ. ಇನ್ನು ನನ್ನ ಕೈಲಾಗಲ್ಲ," ಅಂದರು. ಜಟ್ಟ ಎಂದೇ ಕರೆಯುತ್ತಿದ್ದ ಬಾಯಲ್ಲಿ ಹೆಸರು ಪೂರ್ತಿ ಬಂದಿತ್ತು.

ಜಟ್ಟಪ್ಪ ಹೆಂಡತಿಯ ಕಡೆ ನೋಡಿದ. ಅವಳು ಒಲೆಯ ಬೂದಿ ಕೆದಕುತ್ತ ಕೂತಳು. ಈ ಸಲ ಅವನೇ ಹೇಳಬೇಕಾಯಿತು.

"ಬರ್ತೀನಿ ಗೌಡ್ರೆ. ಆದ್ರೆ ಅಮಲ್ದಾರ್ರನ್ನ ಕರ್ಸಿ. ಸೋಮಾರನೇ ಬರ್ಲಿ. ಗದ್ದೇಲಿ ಎತ್ತೂ ಇರಬಾರ್ದು, ಆಳೂ ಇರಬಾರ್ದು. ಖಾಲಿ ಗದ್ದೆ ತೋರ್ಸಿ, ಇದನ್ನ ಉಳೋನು ಜಟ್ಟಪ್ಪ, ಇವತ್ತು ಸೋಮಾರ ಅಂತ ಬಂದಿಲ್ಲ ಅಂತ ನೀವೇ ಹೇಳ್ಬೇಕು. ನೀವು ಹೇಳಿದ್ದನ್ನೇ ಅವರು ಬರ್ಕಳಾದು."

ಗೌಡರು ಒಂದು ಕೈಯಲ್ಲಿ ಕಂಬ, ಇನ್ನೊಂದರಲ್ಲಿ ಸೊಂಟ ಹಿಡಿದರು. ಹಿತ್ತಲಲ್ಲಿ ಮಳೆ ಶುರುವಾಯಿತು. ಎಷ್ಟೋ ತಲೆಮಾರಿನ ಒಡೆತನವನ್ನು ಒಂದು ಕಡೆ, ತಮ್ಮ ಸೊಂಟವನ್ನು ಇನ್ನೊಂದು ಕಡೆ ಇಟ್ಟು ತೂಗುತ್ತಿದ್ದರೆಂದು ಕಾಣುತ್ತದೆ. ಸೊಂಟವೇ ತೂಗಿತು.

ಮುಂದಿನ ಸೋಮವಾರ ಜೀಪು ಮತ್ತೆ ಬಂತು. ಅಮಲ್ದಾರರು ಏರಿಯ ಮೇಲೆ ನಿಂತು, ನಾಟಿಯ ಹೊತ್ತಿನಲ್ಲಿ ಗದ್ದೆ ಖಾಲಿ ಬಿದ್ದಿರುವುದನ್ನು ಕಂಡು ಹುಬ್ಬು ಗಂಟಿಕ್ಕಿದರು. ಶ್ರಮಜೀವಿಗಳೆಲ್ಲ ಎಲ್ಲಿ ಹೋದರೆಂದು ಕೇಳಿದರು. ಗೌಡರು ಜಟ್ಟಪ್ಪ ಹೇಳಿಕೊಟ್ಟದ್ದನ್ನು ಒಂದಕ್ಷರ ಬಿಡದೆ ಒಪ್ಪಿಸಿದರು. ಅಮಲ್ದಾರರು ಅವರ ಮುಖವನ್ನೇ ನೋಡಿದರು. ಆದರ್ಶ ರೈತನಿಗೆ ತಾವೇ ಹಾಕಿದ ಹಾರ ನೆನಪಾಗಿರಬೇಕು. ಹಾಗಾದರೆ ಅಂದು ಕಂಡದ್ದು ಏನೆಂದು ಕೇಳಲು ಬಾಯಿ ತೆರೆದವರು, ಕೇಳಿದರೆ ತಾವು ಅಂದು ಬರೆದದ್ದು ಏನೆಂದು ಮೇಲಿನವರು ಕೇಳಿಯಾರೆಂದು ಹೊಳೆದು, ಬಾಯಿ ಮುಚ್ಚಿಕೊಂಡರು. ಶಾನುಭೋಗರಿಗೆ ಹಳೆಯದನ್ನು ಹೊಡೆದು ಹೊಸದಾಗಿ ಬರೆಯಲು ಹೇಳಿದರು. ಈ ಸಲ ಹೋಳಿಗೆ ಇರಲಿಲ್ಲ, ಬೇಗ ಹೊರಟುಹೋದರು.

ಕಾನೂನು ಬರಲು ಇನ್ನೂ ಎಷ್ಟು ಬಸ್ಸು ಕೆಟ್ಟು ನಿಲ್ಲಬೇಕಿತ್ತೋ ಯಾರಿಗೆ ಗೊತ್ತು. ಜಟ್ಟಪ್ಪ ಅದನ್ನು ಯೋಚಿಸುತ್ತಿದ್ದಂತೆ ಕಾಣಲಿಲ್ಲ. ಏರಿಯ ಮೇಲೆ ಕುಕ್ಕುರುಗಾಲಲ್ಲಿ ಕೂತು, ನಾಳೆ ಬೆಳಿಗ್ಗೆ ಯಾವ ಮಡಿಯಿಂದ ಹೂಡಬೇಕೆಂದು ಹೂವಮ್ಮನಿಗೆ ಕೈ ತೋರಿಸಿ ಹೇಳುತ್ತಿದ್ದ. ಹೂವಮ್ಮ ಹೂಂಗುಟ್ಟುತ್ತಿದ್ದಳು. ಅವಳ ಕಣ್ಣು ಒದ್ದೆಯಾಗಿತ್ತು. ನಾನು ಸರ್ಕಾರಿ ನೌಕರ, ಬೇರೆ ಕಡೆ ತಿರುಗಿಕೊಂಡೆ.

ಗೌಡರು ಮನೆಗೆ ಹೋಗಲು ಬದುವಿನ ಮೇಲೆ ನಡೆದರು. ನಡುವೆ ಒಂದು ಕಡೆ ಬದು ಒಡೆದು ನೀರು ಸೋರಿಹೋಗುತ್ತಿತ್ತು. ಅವರು ಯೋಚನೆಯೇ ಮಾಡದೆ, ಪಂಚೆ ಎತ್ತಿ ಕಟ್ಟಿ, ಕೆಸರಿಗೆ ಇಳಿದು, ಎರಡೂ ಕೈಯಲ್ಲಿ ಮಣ್ಣು ಬಾಚಿ ಅಲ್ಲಿಗೆ ಮೆತ್ತತೊಡಗಿದರು. ಗದ್ದೆ ಈಗ ಯಾರದೆಂಬುದು ಅವರ ಕೈಗೆ ಇನ್ನೂ ತಿಳಿದಿರಲಿಲ್ಲ.

ಹೂವಮ್ಮ ಏರಿಯ ಮೇಲಿನಿಂದ ಕೂಗಿದಳು.

"ಬಿಡಿ ಗೌಡ್ರೆ, ನಾಳೆ ನಾವು ಮಾಡ್ಕಂತೀವಿ. ಇವತ್ತು ಸೋಮಾರ."